ದಾಸವಾಳದ ವಿಡಿಯೊ ಮತ್ತು ಬಡಾವಣೆಯ ಗ್ರೂಪು

ಪ್ರಶ್ನೆ: ಮೈಸೂರಿನ ಬೋಗಾದಿ ಕಡೆಯ ಬಡಾವಣೆಯೊಂದರಲ್ಲಿ ಹನ್ನೊಂದು ವರ್ಷದಿಂದ ಇದ್ದೇವೆ. ಬಡಾವಣೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಇದ್ದಾರೆ. ನಮ್ಮ ಯಜಮಾನರು ಮೂವರು ಅಡ್ಮಿನ್‌ಗಳಲ್ಲಿ ಒಬ್ಬರು. ದಿನಾ ಬೆಳಗ್ಗೆ ನಮ್ಮ ಕಾಂಪೌಂಡಿನ ದಾಸವಾಳ, ನಂದಬಟ್ಟಲು ಯಾರೋ ಕಿತ್ತುಕೊಂಡು ಹೋಗುತ್ತಿದ್ದರು. ಪೂಜೆಗೆ ಒಂದು ಹೂವೂ ಉಳಿಯುತ್ತಿರಲಿಲ್ಲ. ಸಿಸಿಟಿವಿಯಲ್ಲಿ ಸಿಕ್ಕಿದ ತುಣುಕನ್ನು ‘ನಮ್ಮ ಏರಿಯಾದ ಹೂ ಕಳ್ಳಿ’ ಅಂತ ಬರೆದು ಗ್ರೂಪಿಗೆ ಹಾಕಿದೆ. ತಮಾಷೆಗೇ ಹಾಕಿದ್ದು. ನಗುವ ಗುರುತುಗಳು ಬಂದಿದ್ದೇ ಬಂದಿದ್ದು. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು, ಅವರು ಎರಡು ಕ್ರಾಸ್ ಆಚೆ ಇರುವ ನಿವೃತ್ತ ಟೀಚರು. ಬೆಂಗಳೂರಿನಲ್ಲಿರುವ ಅವರ ಮಗ ಫೋನ್ ಮಾಡಿ ಲಾಯರ್ ನೋಟಿಸ್ ಕಳಿಸುತ್ತೇನೆ ಅಂದಿದ್ದಾರೆ. ಟೀಚರು ವಾಕಿಂಗ್ ಬರುವುದನ್ನೇ ಬಿಟ್ಟಿದ್ದಾರೆ. ಹೂ ಕದ್ದವರು ಅವರು, ತಪ್ಪಿತಸ್ಥೆ ನಾನಾದೆ. ಯಜಮಾನರ ಮೇಲೆ ಕೇಸಾಗುತ್ತದೆಯೇ? ಗ್ರೂಪ್ ಬಿಟ್ಟುಬಿಡಲೇ? ಇಂಥ ಗ್ರೂಪುಗಳಿಂದ ನಿಜವಾಗಿ ಏನಾದರೂ ಉಪಯೋಗ ಉಂಟೇ?
— ಹೆಸರು ಬೇಡ, ಮೈಸೂರು

ಉತ್ತರ: ಮೊದಲು ಕೇಸಿನ ಮಾತು ಮುಗಿಸಿಬಿಡೋಣ. ಅದು ತಲೆಯಲ್ಲಿ ಕೂತಿರುವ ತನಕ ನಾನು ಬೇರೇನು ಹೇಳಿದರೂ ನಿಮ್ಮ ಕಿವಿಗೆ ಬೀಳುವುದಿಲ್ಲ.

ಗ್ರೂಪಿನಲ್ಲಿ ಇನ್ಯಾರೋ ಹಾಕಿದ್ದಕ್ಕೆ, ಬರೀ ಅಡ್ಮಿನ್ ಎಂಬ ಕಾರಣಕ್ಕೆ ಒಬ್ಬರು ಅಪರಾಧಿಯಾಗುವುದಿಲ್ಲ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಇದನ್ನು ಹೇಳಿವೆ. ಹಾಕಿದವರ ಜೊತೆ ಅಡ್ಮಿನ್ ಕೂಡ ಮೊದಲೇ ಕೈಜೋಡಿಸಿದ್ದರೆ ಆ ಮಾತು ಬೇರೆ. ನೀವಿಬ್ಬರೂ ಒಂದೇ ಮನೆಯ ಗಂಡ ಹೆಂಡತಿಯಾದ್ದರಿಂದ ಎದುರು ಕಡೆಯ ವಕೀಲರು ಆ ಪ್ರಶ್ನೆ ಎತ್ತದೆ ಬಿಡಲಾರರು, ಅಷ್ಟು ತಿಳಿದಿರಲಿ.

ನಿಮ್ಮ ಸ್ಥಿತಿ ಅಷ್ಟು ಹಗುರವಲ್ಲ. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. 2024ರ ಜುಲೈ 1ಕ್ಕೆ ಮೊದಲು ಇದೇ ವಿಷಯ ಐಪಿಸಿಯ 499, 500ರಲ್ಲಿತ್ತು. ಎರಡು ವರ್ಷದವರೆಗೆ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಹೊಸ ಕಾನೂನಿನಲ್ಲಿ ಸಮುದಾಯ ಸೇವೆಯೂ ಸೇರಿದೆ. ‘ಇದ್ದದ್ದನ್ನೇ ತೋರಿಸಿದೆನಲ್ಲ’ ಎಂಬ ಉತ್ತರ ನಿಮ್ಮ ನಾಲಿಗೆಯ ತುದಿಯಲ್ಲಿರಬೇಕು. ಅದೊಂದೇ ಸಾಲದು. ಹೇಳಿದ್ದು ನಿಜವಾಗಿರಬೇಕು, ಜೊತೆಗೆ ಅದನ್ನು ಹೇಳುವುದು ಸಾರ್ವಜನಿಕ ಹಿತಕ್ಕೆ ಅಗತ್ಯವೂ ಆಗಿರಬೇಕು. ಆರು ದಾಸವಾಳ ಹೋದ ಸುದ್ದಿ ಮುನ್ನೂರು ಮನೆಗೆ ಯಾವ ಹಿತ ಮಾಡಿತು ಎಂದು ನ್ಯಾಯಾಧೀಶರು ಕೇಳಿದರೆ ನಿಮ್ಮ ಪರವಾಗಿ ಹೇಳಲು ನನಗಂತೂ ಏನೂ ಹೊಳೆಯುವುದಿಲ್ಲ. ಒಂದು ಸಮಾಧಾನ: ಇದು ಠಾಣೆಯವರು ನೇರ ಎಫ್‌ಐಆರ್ ಹಾಕುವ ಜಾತಿಯ ಅಪರಾಧವಲ್ಲ, ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬೇಕು. ನೋಟಿಸ್ ನಿಜವಾಗಿ ಬಂದರೆ ನೀವೇ ಕೂತು ಉತ್ತರ ಬರೆಯಬೇಡಿ, ವಕೀಲರಿಗೆ ತೋರಿಸಿ. ಬಾರದಿರುವಂತೆ ಮಾಡುವ ದಾರಿ ಕೊನೆಯಲ್ಲಿ ಹೇಳುತ್ತೇನೆ.

ಈಗ ಹೂವಿಗೆ ಬರೋಣ. ನಾನು ಸಮಾಜಕಾರ್ಯ ಪಾಠ ಮಾಡಿ ನಿವೃತ್ತನಾದವನು. ಆಮೇಲಿನ ವರ್ಷಗಳಲ್ಲಿ ಮೈಸೂರಿನ ನಿವಾಸಿಗಳ ಸಂಘಗಳ ಜಗಳ ಬಿಡಿಸುವುದೇ ಒಂದು ಉದ್ಯೋಗವಾಗಿದೆ. ಹೂವಿನ ಜಗಳ ನನಗೆ ಹೊಸದಲ್ಲ. ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂ, ಎಲ್ಲಿ ಬೇಕಾದರೂ ಬೆಳಗ್ಗೆ ಐದೂವರೆಗೆ ಹೊರಟು ನೋಡಿ. ಸ್ವೆಟರು, ಮಂಕಿ ಕ್ಯಾಪು, ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಕೆಲವರ ಬಳಿ ಕೊಂಬೆ ಬಗ್ಗಿಸಲು ಕೊಕ್ಕೆ ಕಟ್ಟಿದ ಪುಟ್ಟ ಕೋಲು ಕೂಡ. ಇವರೆಲ್ಲ ಪೆನ್ಶನ್ ಬರುವ, ಏಕಾದಶಿ ತಪ್ಪಿಸದ, ಅಂಗಡಿಯಲ್ಲಿ ಹತ್ತು ಪೈಸೆ ಹೆಚ್ಚು ಚಿಲ್ಲರೆ ಬಂದರೆ ವಾಪಸ್ ಕೊಟ್ಟು ಬಂದ ಕಾಲದ ಜನ. ಆದರೆ ಕಾಂಪೌಂಡಿನಿಂದ ಹೊರಗೆ ಬಾಗಿದ ಹೂ ಬೀದಿಯದು, ದೇವರಿಗೆಂದು ಕಿತ್ತರೆ ಕಳವಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಹೊರಗೆ ಬಾಗಿದ್ದು ಮುಗಿದ ಮೇಲೆ ಕೈ ಒಳಗೂ ಹೋಗುತ್ತದೆ, ಅದೂ ನಿಜ. ನೀರು ಹಾಕಿ, ಗೊಬ್ಬರ ಹಾಕಿ, ಬಿಳಿ ಹುಳು ತೊಳೆದು ಬೆಳೆಸಿದವರಿಗೆ ಪೂಜೆಯ ಹೊತ್ತಿಗೆ ಬರೀ ತೊಟ್ಟು ಕಂಡರೆ ಹೊಟ್ಟೆ ಉರಿಯದೆ ಇರುತ್ತದೆಯೇ? ನಿಮ್ಮ ಸಿಟ್ಟಿನಲ್ಲಿ ತಪ್ಪೇನಿಲ್ಲ.

ಈ ಸಿಟ್ಟಿಗೆ ನಮ್ಮ ಬೀದಿಗಳಲ್ಲಿ ಒಂದು ಹಳೆಯ ಮದ್ದಿತ್ತು. ಮನೆಯಾಕೆ ಒಂದು ದಿನ ಬೇಗ ಎದ್ದು, ಕಾಫಿ ಲೋಟ ಹಿಡಿದು ಗೇಟಿನ ಬಳಿ ನಿಲ್ಲುತ್ತಿದ್ದಳು. ಕೈ ಕೊಂಬೆಗೆ ಬಂದಾಗ, ‘ಏನ್ರೀ, ನಮ್ಮ ದೇವರಿಗೂ ಎರಡು ಬಿಟ್ಟಿದ್ದೀರಾ?’ ಅಷ್ಟೇ. ಎದುರಿನವರು ಪೆಚ್ಚಾಗಿ ನಕ್ಕು, ಕವರಿನಿಂದ ನಾಲ್ಕು ತೆಗೆದು ಕೊಡುತ್ತಿದ್ದರು. ಮಾರನೆಯ ದಿನದಿಂದ ಎರಡು ಮೂರು ಕೊಂಬೆ ಮುಟ್ಟುತ್ತಿರಲಿಲ್ಲ. ನಾಚಿಕೆ ಆಗುತ್ತಿತ್ತು, ಆದರೆ ಇಬ್ಬರ ನಡುವೆ, ಸಣ್ಣದಾಗಿ, ಸಂಜೆಯೊಳಗೆ ಆರುವಷ್ಟು.

ನೀವು ಅದೇ ಮಾತನ್ನೇ ಹೇಳಿದಿರಿ. ಮುನ್ನೂರು ಜನರ ಮುಂದೆ ಹೇಳಿದಿರಿ, ಯಾರಿಗೆ ಹೇಳಬೇಕೋ ಅವರೊಬ್ಬರು ಅಲ್ಲಿರಲಿಲ್ಲ. ಆ ಟೀಚರು ಗ್ರೂಪಿನಲ್ಲಿ ಇದ್ದಾರೆಯೇ ಎಂದು ನೀವು ಬರೆದಿಲ್ಲ. ನನ್ನ ಅಂದಾಜು, ಇಲ್ಲ. ಅವರಿಗೆ ಈ ಸುದ್ದಿ ಹೋದದ್ದು ಬೆಂಗಳೂರಿನ ಮಗನ ಮೂಲಕ, ಅಥವಾ ಮನೆಗೆಲಸದವಳ ಮೂಲಕ. ಅಲ್ಲಿ ನಗು ಹಾಕಿದ ಒಬ್ಬೊಬ್ಬರನ್ನೂ ಕರೆದು ಅವರ ಎದುರು ನಿಲ್ಲಿಸಿ, ಒಬ್ಬರೂ ನಗುವುದಿಲ್ಲ. ‘ನಮಸ್ಕಾರ ಮಿಸ್’ ಅನ್ನುತ್ತಾರೆ. ಗುರುತು ಹಿಡಿದವರೂ ಹತ್ತಾರು ಜನ ಇದ್ದಿರಬೇಕು. ಅವರು ಮಧ್ಯಾಹ್ನದ ತನಕ ಸುಮ್ಮನಿದ್ದರಲ್ಲ, ನನ್ನನ್ನು ಕೇಳಿದರೆ ನಿಮ್ಮದಕ್ಕಿಂತ ಅವರದು ದೊಡ್ಡ ತಪ್ಪು.

ವಿಡಿಯೊ ಅಳಿಸಿದ್ದೀರೋ ಇಲ್ಲವೋ. ನಾವು ಹಾಕಿದ್ದನ್ನು ಎಲ್ಲರ ಫೋನಿನಿಂದ ಅಳಿಸಲು ವಾಟ್ಸ್‌ಆ್ಯಪ್ ಕೊಡುವುದು ಸುಮಾರು ಎರಡೂವರೆ ದಿನ. 2022ರಿಂದ ಅಡ್ಮಿನ್‌ಗಳಿಗೂ ಬೇರೆಯವರ ಸಂದೇಶ ಅಳಿಸುವ ಅಧಿಕಾರ ಬಂದಿದೆ. ಆದರೆ ಗ್ರೂಪಿನಲ್ಲಿ ಅಳಿಸಿದ್ದು ಇನ್ನೊಬ್ಬರು ಉಳಿಸಿಕೊಂಡ ಪ್ರತಿಗೆ ತಟ್ಟುವುದಿಲ್ಲ. ಅಳಿಸಿದೆ ಎಂದು ನಿರಾಳವಾಗಬೇಡಿ.

ಮನೆಯಿಂದ ಊರಿಗೆ ಪ್ರಸಾರ ಮಾಡುವ ಹುಚ್ಚು ಮೈಸೂರಿಗೆ ಹೊಸದಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ತೆರೆದರು. ಆಕಾಶವಾಣಿ ಎಂಬ ಹೆಸರು ಹುಟ್ಟಿದ್ದು ಅಲ್ಲಿ. ಆ ಮನೆಯಲ್ಲಿ ಮೈಕು ಇದ್ದದ್ದು ಒಂದು ಕಡೆ. ಈಗ ನಿಮ್ಮ ಬಡಾವಣೆಯೊಂದರಲ್ಲೇ ಮುನ್ನೂರು ಮೈಕು.

ಹಾಗಾದರೆ ಉಪಯೋಗವೇನು ಎಂದು ಕೇಳಿದ್ದೀರಿ. ಬೇಕಾದಷ್ಟಿದೆ, ಮತ್ತು ಅದನ್ನು ಬೈದುಕೊಂಡು ಓಡಾಡುವವರೂ ಅದರ ಫಲ ಉಣ್ಣುತ್ತಾರೆ. ನೀರು ಬಿಡುವ ದಿನವನ್ನೇ ತೆಗೆದುಕೊಳ್ಳಿ. ‘ಮೂರನೇ ಕ್ರಾಸಿಗೆ ಬಂತು’ ಎಂಬ ಒಂದು ಸಾಲು ಸಿಕ್ಕರೆ ನಾಲ್ಕನೇ ಕ್ರಾಸಿನವರು ಸಂಪಿನ ಮುಚ್ಚಳ ತೆಗೆದು ಕಾಯುತ್ತಾರೆ. ಮೊದಲಾದರೆ ಇದಕ್ಕಾಗಿ ನೀರುಗಂಟಿಯ ಸೈಕಲ್ಲಿನ ದಾರಿ ನೋಡಬೇಕಿತ್ತು. ಕಸದ ಆಟೊ ಇವತ್ತು ಬಂದಿಲ್ಲ ಎಂದು ತಿಳಿದರೆ ಹಸಿ ಕಸದ ಬಕೆಟ್ಟು ಗೇಟಿನ ಹೊರಗೆ ಬಿಸಿಲಿನಲ್ಲಿ ನಾರುವುದು ತಪ್ಪುತ್ತದೆ. ಮೈಸೂರು 2015 ಮತ್ತು 2016ರ ರಾಷ್ಟ್ರೀಯ ಸ್ವಚ್ಛತಾ ಸಮೀಕ್ಷೆಗಳಲ್ಲಿ ದೇಶಕ್ಕೇ ಮೊದಲ ಸ್ಥಾನ ಪಡೆದ ಊರು. ಆ ಹೆಮ್ಮೆಯ ಬಹುಪಾಲು ಪೌರಕಾರ್ಮಿಕರದು, ಒಂದಿಷ್ಟು ಬಕೆಟ್ಟನ್ನು ಹೊತ್ತಿಗೆ ಸರಿಯಾಗಿ ಹೊರಗಿಟ್ಟವರದು.

ಕರೆಂಟಿನ ವಿಷಯದಲ್ಲಿ ಮಾತ್ರ ನನಗೊಂದು ತಕರಾರಿದೆ. ಲೈಟು ಹೋದ ಕೂಡಲೇ ಒಬ್ಬರು ‘ಕರೆಂಟ್ ಹೋಯ್ತಾ?’ ಅನ್ನುತ್ತಾರೆ. ‘ಇಲ್ಲೂ ಹೋಗಿದೆ’, ‘ನಮ್ಮಲ್ಲೂ’, ‘ಸೇಮ್’ ಎಂದು ಹದಿನೆಂಟು ಉತ್ತರ. ಎಲ್ಲರಿಗೂ ಏನೋ ಮಾಡಿದ ಸಮಾಧಾನ. ವಿದ್ಯುತ್ ಕಂಪನಿ ಚೆಸ್ಕಾಂನ 1912ಕ್ಕೆ ಒಬ್ಬರೂ ಫೋನ್ ಮಾಡಿರುವುದಿಲ್ಲ. ನಾನು ಹೋದ ಕಡೆಯಲ್ಲೆಲ್ಲ ಹೇಳುವುದು, ಮೊದಲು ದೂರು ಬರೆಸಿದವರು ದೂರಿನ ಸಂಖ್ಯೆಯನ್ನು ಗ್ರೂಪಿಗೆ ಹಾಕಲಿ. ಆ ಸಂಖ್ಯೆ ಇಲ್ಲದ ‘ಹೋಯ್ತಾ’ ಬರೀ ಮೇಣದ ಬತ್ತಿಯ ಹರಟೆ.

ಮೋಸದ ವಿಷಯದಲ್ಲಿ ಈ ಗ್ರೂಪುಗಳು ಮಾಡಿದ ಉಪಕಾರಕ್ಕೆ ಯಾರೂ ಲೆಕ್ಕ ಇಟ್ಟಿಲ್ಲ. ‘ಕಳೆದ ತಿಂಗಳ ಬಿಲ್ ಕಟ್ಟಿಲ್ಲ, ಇಂದು ರಾತ್ರಿ ಒಂಬತ್ತೂವರೆಗೆ ನಿಮ್ಮ ವಿದ್ಯುತ್ ಕಡಿತ, ಈ ನಂಬರಿಗೆ ಕರೆ ಮಾಡಿ’ ಎಂಬ ಸಂದೇಶ 2022ರ ಸುಮಾರಿಗೆ ದೇಶದ ತುಂಬ ಹರಿದಾಡಿತು. ಒಬ್ಬರೇ ಇರುವ ಹಿರಿಯರು ಅದನ್ನು ಗ್ರೂಪಿಗೆ ಹಾಕಿ ‘ಇದು ನಿಜವೇ’ ಎಂದು ಕೇಳಿದ್ದರಿಂದಲೇ ಎಷ್ಟೋ ಮನೆಗಳ ದುಡ್ಡು ಉಳಿಯಿತು. ಈಚೆಗೆ ಮದುವೆಯ ಕರೆಯೋಲೆ ಎಂಬ ಹೆಸರಿನಲ್ಲಿ ಎಪಿಕೆ ಫೈಲು, ಅಂದರೆ ಫೋನಿನೊಳಗೆ ಆ್ಯಪ್ ಕೂರಿಸುವ ಫೈಲು, ಬರುತ್ತಿದೆ. ಒತ್ತಿದರೆ ಫೋನೇ ಪರರ ಕೈಗೆ. ಒತ್ತಿಯೇಬಿಟ್ಟವರಿಗೆ ಸೈಬರ್ ವಂಚನೆಯ ದೂರು ಕೊಡುವ 1930 ಎಂಬ ನಂಬರನ್ನು ತಕ್ಷಣ ನೆನಪಿಸುವವರು ಗ್ರೂಪಿನಲ್ಲೊಬ್ಬರು ಇದ್ದರೆ ಸಾಕು.

ಗುಡ್ ಮಾರ್ನಿಂಗ್ ಚಿತ್ರಗಳ ಬಗ್ಗೆ ನೀವು ಕೇಳಿಲ್ಲ, ಉಳಿದವರೆಲ್ಲ ಕೇಳುತ್ತಾರೆ. ಅದರಿಂದ ಯಾರಿಗೂ ಕೇಡಾಗಿಲ್ಲ. ಒಬ್ಬರೇ ಇರುವ ಹಿರಿಯರ ಗುಲಾಬಿ ಚಿತ್ರ ಒಂದು ದಿನ ಬರಲಿಲ್ಲ ಅಂದರೆ ಹೋಗಿ ಬೆಲ್ ಮಾಡಿ ನೋಡಿ ಅನ್ನುತ್ತೇನೆ.

ಮೇಲೆ ಹೇಳಿದ್ದೆಲ್ಲಕ್ಕೂ ಜಾಗ ಇದೆ, ಹೊತ್ತು ಇದೆ. ಯಾರ ಮುಖವೂ ಇಲ್ಲ. ಮುಖ ಬಂದ ಕೂಡಲೇ ಇದೇ ಗ್ರೂಪಿನ ಗುಣ ಕೆಡುತ್ತದೆ. 2020ರ ಮಾರ್ಚಿನಲ್ಲಿ ಹೋಂ ಕ್ವಾರಂಟೈನಿನಲ್ಲಿದ್ದವರ ವಿಳಾಸದ ಪಟ್ಟಿಯನ್ನು ಸರ್ಕಾರವೇ ಹೊರಗೆ ಬಿಟ್ಟಿತ್ತು. ಅದು ಗ್ರೂಪಿಂದ ಗ್ರೂಪಿಗೆ ಹೋಗಿ, ಆ ಮನೆಗಳಿಗೆ ಹಾಲು ಹಾಕುವವರೂ ಹಿಂಜರಿದರು. ಅದೇ ತಿಂಗಳು ಅದೇ ಗ್ರೂಪುಗಳಲ್ಲಿ ಯಾರಿಗೋ ಬಿಪಿ ಮಾತ್ರೆ ಮುಗಿದಿದೆ ಅಂದರೆ ಮೂರು ಸ್ಕೂಟರು ಹೊರಡುತ್ತಿದ್ದವು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಗುಲ್ಲಿಗೆ ಹೈದರಾಬಾದಿನ ಒಬ್ಬ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಅವರ ಜೊತೆಯವರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಸಾಕಾಯಿತು. ನಿಮ್ಮ ದಾಸವಾಳಕ್ಕೂ ಅದಕ್ಕೂ ಹೋಲಿಕೆ ಅತಿಯಾಯಿತು ಅನ್ನಿಸಬಹುದು. ವಿಡಿಯೊದಲ್ಲಿದ್ದದ್ದು ನಿವೃತ್ತ ಟೀಚರಲ್ಲ, ಚೀಲ ಹೊತ್ತ ಗುಜರಿ ಹುಡುಗ ಎಂದುಕೊಳ್ಳಿ. ಅವನ ಪರವಾಗಿ ಬೆಂಗಳೂರಿನಿಂದ ಯಾರೂ ಫೋನ್ ಮಾಡುತ್ತಿರಲಿಲ್ಲ.

ಅಮೆರಿಕದಲ್ಲಿ ಇದಕ್ಕೆಂದೇ ಮಾಡಿದ ಜಾಲ ಇದೆ. ನೆಕ್ಸ್ಟ್‌ಡೋರ್ ಎಂದು ಹೆಸರು, 2011ರಲ್ಲಿ ಶುರುವಾಯಿತು. ನೀವು ಆ ಬೀದಿಯಲ್ಲೇ ಇರುವಿರೆಂದು ವಿಳಾಸ ಖಾತ್ರಿ ಮಾಡಿಕೊಂಡೇ ಒಳಗೆ ಬಿಡುತ್ತಾರೆ. ಎಲ್ಲರೂ ಅಸಲಿ ಹೆಸರಿನ ಅಸಲಿ ನೆರೆಯವರಾದರೆ ಮರ್ಯಾದೆ ತಾನಾಗಿ ಬರುತ್ತದೆ ಎಂಬುದು ಲೆಕ್ಕ. ಬರಲಿಲ್ಲ. ಕ್ಯಾಲಿಫೋರ್ನಿಯದ ಓಕ್ಲೆಂಡ್‌ನಲ್ಲಿ ‘ಅನುಮಾನಾಸ್ಪದ ವ್ಯಕ್ತಿ’ ಎಂದು ಬರೆದವರಲ್ಲಿ ಅನೇಕರು ಕೊಟ್ಟ ಒಂದೇ ಗುರುತು, ಆತ ಕರಿಯ ಎಂಬುದು. ಜನ ಪ್ರತಿಭಟಿಸಿದ ಮೇಲೆ 2016ರಲ್ಲಿ ಕಂಪನಿ ನಮೂನೆಯನ್ನೇ ಬದಲಿಸಿತು. ಆತ ಏನು ಮಾಡುತ್ತಿದ್ದ ಎಂದು ಬರೆಯಬೇಕು. ಮೈಬಣ್ಣ ಬರೆದರೆ ಬಟ್ಟೆ, ಕೂದಲು, ಚಪ್ಪಲಿಯಂಥ ಬೇರೆ ಗುರುತುಗಳನ್ನೂ ಬರೆಯಬೇಕು. ಅಂಥ ಬರಹಗಳು ಮುಕ್ಕಾಲು ಪಾಲು ಇಳಿದವೆಂದು ಕಂಪನಿ ಹೇಳಿಕೊಂಡಿತು. ಆ ಲೆಕ್ಕ ಎಷ್ಟು ಖರೆಯೋ, ಉಪಾಯ ನನಗೆ ಹಿಡಿಸಿತು. ಯಾರಿಗೂ ಉಪದೇಶ ಮಾಡಲಿಲ್ಲ, ರಸ್ತೆಗೊಂದು ಹಂಪ್ ಹಾಕಿದರು. ನಮ್ಮ ಗ್ರೂಪಿನಲ್ಲಿ ಹಂಪ್ ಇಲ್ಲ. ‘ಹಿಂದಿ ಮಾತಾಡೋ ಇಬ್ಬರು ಹುಡುಗರು ಓಡಾಡ್ತಿದ್ದಾರೆ, ಎಚ್ಚರ’ ಎಂಬಲ್ಲಿಗೆ ವರದಿ ಮುಗಿಯುತ್ತದೆ. ಓಡಾಡುವುದು ಬಿಟ್ಟು ಅವರು ಮಾಡಿದ್ದೇನು ಎಂದು ಕೇಳಿದವರು ಗ್ರೂಪಿನ ಶತ್ರುಗಳು.

ಚಿರತೆಯದು ಬೇರೆಯೇ ಕಥೆ, ಅಲ್ಲಿ ಭಯಕ್ಕೆ ಕಾರಣ ಇದೆ. ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಕೊನೆಯಿಂದ 2023ರ ಜನವರಿಯೊಳಗೆ ಚಿರತೆಗೆ ನಾಲ್ವರು ಬಲಿಯಾದರು. ಅದೇ 2022ರ ನವೆಂಬರಿನಲ್ಲಿ ಕೆಆರ್‌ಎಸ್ ಅಣೆಕಟ್ಟೆಯ ಬೃಂದಾವನ ಉದ್ಯಾನವನ್ನೇ ಚಿರತೆಯ ಭಯಕ್ಕೆ ಮುಚ್ಚಬೇಕಾಯಿತು. 2024ರ ಡಿಸೆಂಬರ್ 31ರಂದು ನಗರದ ಇನ್ಫೊಸಿಸ್ ಆವರಣದಲ್ಲೇ ಕಾಣಿಸಿಕೊಂಡು ಉದ್ಯೋಗಿಗಳಿಗೆ ಮನೆಯಿಂದ ಕೆಲಸ ಮಾಡಿ ಎಂದರು. ಹಾಗಾಗಿ ಚಿರತೆ ಎಂದರೆ ನಗಬೇಡಿ. ಆದರೆ ಒಂದು ಅಸಲಿ ಚಿರತೆ ಕಂಡರೆ ಹತ್ತು ಹಳೆಯ ವಿಡಿಯೊ ‘ಈಗಷ್ಟೇ ನಮ್ಮ ಪಾರ್ಕಿನ ಹಿಂದೆ’ ಎಂದು ಬರುತ್ತವೆ. ಹಾಕಿದವರನ್ನು ಮೂರು ಕೇಳಬೇಕು: ಕಂಡವರು ನೀವೇನಾ, ಎಲ್ಲಿ, ಎಷ್ಟು ಗಂಟೆಗೆ? ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಕೇಳುವ ಅಗತ್ಯವೂ ಇಲ್ಲ. ಅದು ಐದು ಕೈಯಾದರೂ ದಾಟಿ ಬಂದದ್ದು.

ನಾನೇನು ಸಾಚಾ ಅಲ್ಲ. 2019ರಲ್ಲಿ ನಮ್ಮ ಗೇಟಿನ ಪಕ್ಕ ಒಂದು ಹಳೆಯ ಸ್ಕೂಟರು ಎರಡು ದಿನ ನಿಂತಿತ್ತು. ಮಂಡ್ಯದ ನಂಬರು, ಹಿಂದೆ ಗೋಣಿಚೀಲ ಕಟ್ಟಿತ್ತು. ಫೋಟೊ ತೆಗೆದು ‘ಯಾರದೋ ಗೊತ್ತಿಲ್ಲ, ಪೊಲೀಸರಿಗೆ ತಿಳಿಸೋಣವೇ’ ಎಂದು ಗ್ರೂಪಿಗೆ ಹಾಕಿದೆ. ಒಂದು ಗಂಟೆಯಲ್ಲಿ ಅದು ಕದ್ದ ಗಾಡಿಯಾಯಿತು, ಇನ್ನೊಂದು ಗಂಟೆಯಲ್ಲಿ ಚೀಲದೊಳಗೆ ಏನೇನೋ ಇತ್ತು. ಕೊನೆಗೆ ನೋಡಿದರೆ ಎದುರು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗನ ತಂದೆಯ ಸ್ಕೂಟರು. ಹೆಂಡತಿಯನ್ನು ಕೆ.ಆರ್. ಆಸ್ಪತ್ರೆಗೆ ಸೇರಿಸಿ ಅಲ್ಲೇ ಉಳಿದಿದ್ದರು. ಚೀಲದಲ್ಲಿದ್ದದ್ದು ಮಗನಿಗೆ ತಂದ ರಾಗಿ ಹಿಟ್ಟು. ಆ ಹುಡುಗ ಒಂದು ಮಾತು ಬರೆದಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಬರೆಯಲು ಅವನು ಗ್ರೂಪಿನಲ್ಲಿ ಇರಲಿಲ್ಲ. ನಮ್ಮದು ‘ಓನರ್‌ಗಳಿಗೆ ಮಾತ್ರ’.

ನಿಮ್ಮ ಗ್ರೂಪಿನಲ್ಲಿ ಬಾಡಿಗೆದಾರರು ಇದ್ದಾರೆಯೇ? ಇಲ್ಲವಾದರೆ ಯಜಮಾನರಿಗೆ ಹೇಳಿ ಈ ವಾರವೇ ಸೇರಿಸಿ. ನೀರಿನ ಬಿಲ್ಲು, ಕಸ, ಬೀದಿ ದೀಪ ಅವರಿಗೂ ಅಷ್ಟೇ ತಟ್ಟುತ್ತವೆ. ಸೈಟಿನ ಖಾತೆ, ಕಂದಾಯದ ಮಾತಿಗೆ ಬೇಕಾದರೆ ಮಾಲೀಕರದೇ ಬೇರೆ ಗ್ರೂಪಿರಲಿ. ಒಂದು ಗ್ರೂಪಿನಲ್ಲಿ 1024 ಜನರ ತನಕ ಸೇರಿಸಬಹುದು, ಜಾಗಕ್ಕೆ ಬರವಿಲ್ಲ. ನೀರು, ಕರೆಂಟು, ರಸ್ತೆ ಅಗೆತದಂಥ ಪ್ರಕಟಣೆಗೆ ಅಡ್ಮಿನ್‌ಗಳಷ್ಟೇ ಬರೆಯುವ ಒಂದು, ಹರಟೆಗೆ ಇನ್ನೊಂದು ಎಂದು ಒಡೆದರೆ ಅರ್ಧ ಜಗಳ ಕಡಿಮೆ. ಹಾಗೆ ಒಡೆದ ಕಡೆ ಹರಟೆಯ ಗ್ರೂಪಿನಿಂದ ಜನ ತಾವಾಗಿಯೇ ಜಾರಿಕೊಳ್ಳುವುದನ್ನೂ ನೋಡಿದ್ದೇನೆ. ಸಿಸಿಟಿವಿಯಲ್ಲಿ ನಿಜವಾದ ಕಳ್ಳತನ ಸಿಕ್ಕರೆ ತುಣುಕು ಠಾಣೆಗೆ ಹೋಗಲಿ, ಗ್ರೂಪಿಗೆ ‘ದೂರು ಕೊಟ್ಟಿದ್ದೇವೆ, ಬೀಗ ನೋಡಿಕೊಳ್ಳಿ’ ಎಂಬಷ್ಟು ಸಾಕು. ಧರ್ಮಸ್ಥಳಕ್ಕೆ ಹೋಗುತ್ತಿದ್ದೇವೆ, ಮೂರು ದಿನ ಮನೆ ಕಡೆ ಕಣ್ಣಿಡಿ ಎಂದು ಗ್ರೂಪಿಗೆ ಹಾಕುವವರಿಗಂತೂ ಏನು ಹೇಳುವುದೋ. ಪಕ್ಕದ ಮನೆಗೆ ಹೇಳಿ ಹೋಗಿ.

ನೀವು ಗ್ರೂಪ್ ಬಿಡಬೇಡಿ, ಈಗಂತೂ ಬೇಡ. ಸದ್ದಿಲ್ಲದೆ ಹೊರಬಂದರೆ ಅಡ್ಮಿನ್‌ಗಳಿಗಷ್ಟೇ ಸೂಚನೆ ಹೋಗುತ್ತದೆ, ನಿಜ. ಆದರೆ ಬಿಟ್ಟವರ ಹೆಸರು ಅರವತ್ತು ದಿನ ಪಟ್ಟಿಯಲ್ಲಿ ಕಾಣುತ್ತದೆ, ನೋಡುವವರು ನೋಡುತ್ತಾರೆ. ಮುನಿಸಿಕೊಂಡು ಹೋದರು ಅನ್ನುತ್ತಾರೆ, ಟೀಚರ ಮನೆಯವರಿಗೂ ಹಾಗೇ ಕೇಳಿಸುತ್ತದೆ.

ಇನ್ನು ಮಾಡಬೇಕಾದ್ದು. ಗ್ರೂಪಿನಲ್ಲಿ ಕ್ಷಮೆ ಕೇಳುವ ಮುನ್ನ ಅವರ ಮನೆಗೆ ಹೋಗಿ. ಈ ಕ್ರಮ ತಪ್ಪಿದರೆ ಕ್ಷಮೆಯೂ ಇನ್ನೊಂದು ಪ್ರಸಾರವಾಗುತ್ತದೆ. ಯಜಮಾನರನ್ನು ಕರೆದುಕೊಂಡು ಹೋಗಬೇಡಿ, ಅಡ್ಮಿನ್ ಬಂದರು ಎಂದಾಗುತ್ತದೆ. ಅವರ ಮಗನಿಗೆ ಮೊದಲೇ ಒಂದು ಫೋನ್ ಮಾಡಿ, ‘ಅಮ್ಮನ್ನ ನೋಡಕ್ಕೆ ಹೋಗ್ತಿದ್ದೀನಿ’ ಅನ್ನಿ. ನೋಟಿಸಿನ ಮಾತೆತ್ತಬೇಡಿ. ಅಲ್ಲಿ ಹೋಗಿ ‘ನೀವು ಅಂತ ಗೊತ್ತಿರಲಿಲ್ಲ’ ಎಂದು ಶುರು ಮಾಡಲೇಬೇಡಿ. ಗೊತ್ತಿಲ್ಲದವರಾಗಿದ್ದರೆ ಹಾಕಬಹುದಿತ್ತೇ ಎಂದು ಅವರು ಕೇಳದಿದ್ದರೂ ಅಂದುಕೊಳ್ಳುತ್ತಾರೆ, ಮೇಷ್ಟ್ರು ಕೆಲಸ ಮಾಡಿದವರಲ್ಲವೇ. ‘ನಾನು ಹಾಗೆ ಹಾಕಬಾರದಿತ್ತು, ಗೇಟಿಗೆ ಬಂದು ಹೇಳಬೇಕಿತ್ತು’, ಇಷ್ಟೇ ಹೇಳಿ ಸುಮ್ಮನೆ ಕೂರಿ. ಅವರು ಬೈದರೆ ಬೈಸಿಕೊಳ್ಳಿ. ಕಾಫಿ ಕೊಟ್ಟರೆ ಕುಡಿಯಿರಿ, ‘ಬೇಡ, ಈಗ ತಾನೆ ಆಯ್ತು’ ಅನ್ನಬೇಡಿ. ಆಮೇಲೆ, ಗ್ರೂಪಿನಲ್ಲಿ ಒಂದು ಸಾಲು ಹಾಕಲೇ ಎಂದು ಅವರನ್ನೇ ಕೇಳಿ. ಬೇಡ ಅಂದರೆ ಹಾಕಬೇಡಿ.

ಬರಿಗೈಯಲ್ಲಿ ಹೋಗಬೇಡಿ, ಹೂವನ್ನೂ ಒಯ್ಯಬೇಡಿ, ಚುಚ್ಚಿದಂತಾಗುತ್ತದೆ. ನಂಜನಗೂಡು ರಸಬಾಳೆ ಸಿಕ್ಕರೆ ಅರ್ಧ ಡಜನ್ ಸಾಕು. ದಾಸವಾಳದ ಮಾತು ಅವರಾಗಿಯೇ ತೆಗೆದರೆ ಮಾತ್ರ, ಒಂದು ಗೆಲ್ಲು ಕೊಡುತ್ತೇನೆ ಅನ್ನಿ. ಪೆನ್ಸಿಲ್ ದಪ್ಪದ್ದು, ಗೇಣುದ್ದ, ಕೆಳಗಿನ ಎಲೆ ತೆಗೆದು ನೆರಳಲ್ಲಿ ನೆಟ್ಟರೆ ಮಳೆಗಾಲದಲ್ಲಿ ಬೇಗ ಬೇರು ಬಿಡುತ್ತದೆ. ಸಂಜೆ ಐದರ ಮೇಲೆ ಹೋಗಿ. ಶುಕ್ರವಾರ ಬೇಡ, ಅವತ್ತು ಅವರಿಗೆ ಪೂಜೆಯ ಗಡಿಬಿಡಿ ಇರುತ್ತದೆ, ಹೂ ಬೇರೆ ಇರುವುದಿಲ್ಲ.